ನಿನ್ನೆಯ ಪೇಪರಿನ ಮಾಷ್ಟ್ರು

ನಮ್ಮೂರಿನ ವಾಚನಾಲಯದಲ್ಲಿ ಒಂದು ಕಾಲಕ್ಕೆ ಇವತ್ತಿನ ಪೇಪರಿಗಿಂತ ನಿನ್ನೆಯ ಪೇಪರಿಗೆ ಗಿರಾಕಿಗಳು ಹೆಚ್ಚಿದ್ದರು. ಅದಕ್ಕೆ ಕಾರಣ, ಕಳೆದ ಚಳಿಗಾಲದಲ್ಲಿ ತೀರಿಕೊಂಡ ಚರಿತ್ರೆಯ ಮಾಷ್ಟ್ರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. "ಹೆಸರು ಹೇಳಿದ ಕೂಡಲೇ ಜನ ಯಾವ ಮನೆಯವ, ಯಾವ ಪಕ್ಷದವ ಅಂತ ಲೆಕ್ಕ ಹಾಕ್ತಾರೆ. ಆಮೇಲೆ ಮಾತು ಕಿವಿಗೆ ಹೋಗುದಿಲ್ಲ" ಎಂದು ಅವರೇ ಹೇಳುತ್ತಿದ್ದರು. ಆ ಮಾತನ್ನಾದರೂ ಪಾಲಿಸುತ್ತೇನೆ. ಅವರ ಬೇರೆ ಮಾತುಗಳನ್ನು ಹೊತ್ತಿಗೆ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಸಂಪಾಜೆ ದಾಟಿ ಮಡಿಕೇರಿ ಕಡೆಗೆ ಘಾಟಿ ಹತ್ತುವಾಗ ಸಿಗುವ ಊರು ನಮ್ಮದು. ವಾಚನಾಲಯ ಬಸ್‌ಸ್ಟಾಪಿನ ಎದುರಿಗೇ ಇದೆ. ನಾನು ಬೋರ್ಡಿಂಗ್ ಶಾಲೆಯಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವಳು. ಆಮೇಲೆ ನರ್ಸಿಂಗ್ ಕಲಿತು, ಮಡಿಕೇರಿಯ ಆಸ್ಪತ್ರೆಯಲ್ಲಿ ಉಳಿದ ನರ್ಸುಗಳ ಮೇಲ್ವಿಚಾರಣೆ ಮಾಡಿ ನಿವೃತ್ತಳಾದೆ. ಊರಿಗೆ ಬಂದ ವರ್ಷದೊಳಗೆ ಜನ ನನ್ನನ್ನು ಸಿಸ್ಟರಕ್ಕ ಎಂದು ಕರೆದು ವಾಚನಾಲಯದ ಬೀಗದಕೈ ಕೊಟ್ಟರು. ಕಪಾಟುಗಳಿಗೆ ಪಟ್ಟಿ ಅಂಟಿಸಿದೆ, ಪೇಪರುಗಳನ್ನು ಕೋಲಿಗೆ ಸಿಕ್ಕಿಸಿದೆ, ಚಪ್ಪಲಿ ಬಿಡುವ ಜಾಗಕ್ಕೆ ಗೆರೆ ಎಳೆದೆ. ಗೆರೆಯೊಳಗೆ ಬಿಡದೆ ಗೆರೆಯ ಮೇಲೆಯೇ ಚಪ್ಪಲಿ ಬಿಡುವವರು ಇಡೀ ಊರಿನಲ್ಲಿ ಮಾಷ್ಟ್ರು ಒಬ್ಬರೇ.

ಅವರ ಅಂಗಿಯ ಗುಂಡಿಗಳು ಸದಾ ಒಂದು ಮನೆ ಮೇಲೆ ಕೆಳಗೆ. ಜೇಬಿನಲ್ಲಿ ನಶ್ಯದ ಡಬ್ಬಿ, ಅದರ ಪಕ್ಕದಲ್ಲೇ ಸೀಮೆಸುಣ್ಣದ ತುಂಡು; ಪಾಠ ನಿಲ್ಲಿಸಿ ವರ್ಷಗಳಾದರೂ ಸೀಮೆಸುಣ್ಣ ಜೇಬಿನಿಂದ ನಿವೃತ್ತವಾಗಿರಲಿಲ್ಲ. ಸಂಜೆ ನಾಲ್ಕರ ಮೇಲೆ, ಶಾಲೆ ಬಿಟ್ಟ ಮಕ್ಕಳ ಹಿಂದೆಯೇ ಬರುತ್ತಿದ್ದರು. ಬಂದವರು ನಾನು ಮಡಚಿ ಹಗ್ಗ ಕಟ್ಟಿಟ್ಟ ಹಳೆಯ ಪೇಪರುಗಳ ಕಟ್ಟು ಬಿಚ್ಚಿ ನಿನ್ನೆಯದನ್ನು ಎಳೆಯುತ್ತಿದ್ದರು.

"ಮಾಷ್ಟ್ರೇ, ಇವತ್ತಿನದ್ದು ಕೋಲಿನಲ್ಲಿದೆ."

"ಇವತ್ತಿನದ್ದು ಹಸಿ ಸಿಸ್ಟರೇ. ಗಾಯ ಆಗಿ ಬಂದವನಿಗೆ ನೀವು ಮೊದಲು ಹೊಲಿಗೆ ಹಾಕ್ತೀರಾ, ತೊಳೀತೀರಾ?"

"ತೊಳೀತೇವೆ."

"ಮತ್ತೆ? ಇದನ್ನೂ ಒಂದು ದಿನ ತೊಳೀಲಿಕ್ಕೆ ಬಿಡುವ. ಅವತ್ತೇ ಓದಿದ್ರೆ ಸಿಟ್ಟು ಬರ್ತದೆ. ಮರುದಿನ ಓದಿದ್ರೆ ಪ್ರಶ್ನೆ ಬರ್ತದೆ."

ಹೈಸ್ಕೂಲು ಮಕ್ಕಳು, ಒಬ್ಬ ಆಟೋದವ, ರಬ್ಬರ್ ತೋಟದ ಕೂಲಿಯವರ ಲೈನ್ ಮನೆಗಳಿಂದ ಕೆಲಸ ಮುಗಿಸಿ ಬರುವ ಕೆಲವರು: ಇವರು ಮಾಷ್ಟ್ರ ಕ್ಲಾಸು. ಮಾಷ್ಟ್ರು ಸುದ್ದಿಯ ತಲೆಬರಹವನ್ನು ಎಡಗೈಯಿಂದ ಮುಚ್ಚಿಕೊಂಡು ಕೆಳಗಿನದ್ದನ್ನು ಮಾತ್ರ ಗಟ್ಟಿಯಾಗಿ ಓದುತ್ತಿದ್ದರು. ಓದಿ ಮುಗಿಸಿ, "ಹೇಳಿ ನೋಡುವ, ಇಂಥದ್ದು ಹಿಂದೆ ಎಲ್ಲಿ ನಡೆದಿತ್ತು? ಆಗ ಮಾತಾಡಿದವರು ಯಾರು, ಬಾಯಿ ಮುಚ್ಚಿಕೊಂಡವರು ಯಾರು?" ಎನ್ನುವರು. ಮಕ್ಕಳು ಪಾಠಪುಸ್ತಕದಿಂದ ಏನೋ ಒಂದು ಹುಡುಕಿ ಕೊಡುವರು. ಆಮೇಲೆ ಕೈ ತೆಗೆದು ತಲೆಬರಹ ತೋರಿಸುವರು. ಹೆಚ್ಚಿನ ಸಲ ಅದು ಕೆಳಗಿನ ಸುದ್ದಿಗಿಂತ ದೊಡ್ಡ ಬಾಯಿಯದ್ದಾಗಿರುತ್ತಿತ್ತು.

ಒಮ್ಮೆ, ಬೆರಳಚ್ಚು ಯಂತ್ರ ಕೆಲಸ ಮಾಡದೆ ಜನ ರೇಷನ್ ಇಲ್ಲದೆ ವಾಪಸಾದ ಸುದ್ದಿ ಬಂದಿತ್ತು. ಆಟೋದವನಿಗೆ ಸಿಟ್ಟು ಬಂದು ಒಂದು ಪಕ್ಷವನ್ನು ಬೈಯತೊಡಗಿದ. ಮಾಷ್ಟ್ರು ನಶ್ಯ ಏರಿಸಿ, ನಮ್ಮ ಇದೇ ಸೀಮೆಯ ರೈತರು ಕಂಪನಿ ಸರ್ಕಾರದ ವಿರುದ್ಧ ಎದ್ದ ಕಥೆ ತೆಗೆದರು. ರಾಜನ ಕಾಲದಲ್ಲಿ ಕಂದಾಯವನ್ನು ಭತ್ತದಲ್ಲಿ ಅಳೆದು ಕೊಡಬಹುದಿತ್ತು. ಕಂಪನಿಯವರು ನಾಣ್ಯದಲ್ಲೇ ಕೊಡಿ ಎಂದರು.

"ಕಣಜದಲ್ಲಿ ಭತ್ತ ಉಂಟು, ಕೈಯಲ್ಲಿ ನಾಣ್ಯ ಇಲ್ಲ. ಕಂದಾಯ ಜಾಸ್ತಿ ಮಾಡಿದ್ದಲ್ಲ ಮಾರಾಯ, ಕೊಡುವ ದಾರಿ ಬದಲಾಯಿಸಿದ್ದು. ಆಫೀಸಿನಲ್ಲಿ ಕೂತವನಿಗೆ ಅದು ಸಣ್ಣ ಬದಲಾವಣೆ. ಈಗ ಹೇಳು, ರೇಷನ್ ನಿಲ್ಲಿಸಿದ್ದಾರಾ?"

"ಇಲ್ಲ. ಕೊಡುವ ದಾರಿ..." ಎಂದು ಆಟೋದವ ತಡೆದ.

"ಹಾಂ. ಇನ್ನು ಬೈ, ಬೇಕಾದ್ರೆ. ಯಾರನ್ನ ಬೈಬೇಕು ಅಂತ ಈಗ ಸ್ವಲ್ಪ ಗೊತ್ತಾಗ್ತದೆ."

ಕೆಂಪು ಸಮುದ್ರದಲ್ಲಿ ಹಡಗುಗಳಿಗೆ ಅಪಾಯ, ಆಫ್ರಿಕಾ ಸುತ್ತಿ ಬರುತ್ತಿವೆ ಎಂಬ ಸುದ್ದಿ ಬಂದಾಗ ಮಾಷ್ಟ್ರು ಮನೆಯಿಂದ ಕಾಳುಮೆಣಸು ತಂದು ನನ್ನ ಒರೆಸಿದ ಮೇಜಿನ ಮೇಲೆ ಸುರಿದು, ಅದನ್ನೇ ಪೋರ್ಚುಗೀಸರು ಬಂದ ಸಮುದ್ರದಾರಿಯಾಗಿ ಜೋಡಿಸಿದರು. ಮಕ್ಕಳು ಹೋದ ಮೇಲೆ ನಾನು ಬೆಂಚಿನ ಅಡಿಯಿಂದ ಪೋರ್ಚುಗೀಸರನ್ನು ಗುಡಿಸಬೇಕಾಯಿತು. ಈ ಸಲ ಮೆಣಸಿನ ದರ ಏರಿಯೇ ಏರುತ್ತದೆ ಎಂದೂ ಹೇಳಿಬಿಟ್ಟಿದ್ದರು. ಅದನ್ನು ನಂಬಿ ಮೆಣಸು ಮಾರದೆ ಇಟ್ಟುಕೊಂಡವರು ಆಮೇಲೆ ಇಳಿದ ದರಕ್ಕೆ ಮಾರಿ, ಎದುರು ಸಿಕ್ಕಾಗಲೆಲ್ಲ "ಹಡಗು ಎಲ್ಲಿವರೆಗೆ ಬಂತು ಮಾಷ್ಟ್ರೇ?" ಎಂದು ಹಂಗಿಸಿದರು. ಮಾಷ್ಟ್ರು ಮರುದಿನವೇ ಕ್ಲಾಸಿನಲ್ಲಿ ಒಪ್ಪಿಕೊಂಡರು. "ನಂದು ತಪ್ಪು. ಹಿಂದೆ ಹೀಗಾಗಿತ್ತು, ಅದಕ್ಕೆ ಈಗಲೂ ಹೀಗೇ ಆಗ್ತದೆ ಅಂತ ಹೇಳುದು ಜ್ಯೋತಿಷ್ಯ. ಚರಿತ್ರೆಯಿಂದ ಉತ್ತರ ಸಿಕ್ಕುದಿಲ್ಲ ಮಕ್ಕಳೇ. ಯಾವ ಪ್ರಶ್ನೆ ಕೇಳ್ಲಿಕ್ಕೆ ಮರೀಬಾರದು ಅಂತ ಗೊತ್ತಾಗ್ತದೆ, ಅಷ್ಟೆ."

ಇದೆಲ್ಲ ನನಗೆ ಇಷ್ಟವೇ ಆಗಿತ್ತು. ಆದರೆ ಅವರ ಮಾತು ಹೊರಟರೆ ಅದಕ್ಕೆ ನಿಲ್ದಾಣವಿಲ್ಲ. ಆರಕ್ಕೆ ಬಾಗಿಲು ಹಾಕಬೇಕೆಂದು ನಾನು ಬೀಗದಕೈ ಅಲುಗಿಸುತ್ತ ನಿಲ್ಲುತ್ತಿದ್ದೆ. ಅವರ ಮಾತನ್ನು ನಡುವೆ ಕತ್ತರಿಸುವ ಅಭ್ಯಾಸ ನನಗೆ ಹಾಗೆ ಬಂತು.

ಅವರು ತೀರಿಕೊಳ್ಳುವ ಹಿಂದಿನ ವರ್ಷದ ಮಳೆಗಾಲದಲ್ಲಿ ರಬ್ಬರ್ ತೋಟದ ಲೈನ್ ಮನೆಗಳ ಹಿಂದಿನ ಗುಡ್ಡ ಬಿರುಕು ಬಿಟ್ಟಿತು. ಅಲ್ಲಿದ್ದವರು ರಬ್ಬರ್ ಮರ ಗೀರಿ ಟ್ಯಾಪಿಂಗ್ ಮಾಡುವ ತಮಿಳು ಕುಟುಂಬಗಳು. ಅವರ ಹಿರಿಯರು ಸಿಲೋನಿನಿಂದ, ಈಗಿನ ಶ್ರೀಲಂಕಾದಿಂದ, ಬಂದವರು. ಯಾರಿಗೂ ಪ್ರಾಣಾಪಾಯವಾಗಲಿಲ್ಲ, ಆದರೆ ಅಲ್ಲಿ ಇನ್ನು ಇರುವಂತಿಲ್ಲ ಎಂದು ಎಂಜಿನಿಯರು ಹೇಳಿ ಹೋದರು. ಸರ್ಕಾರದ ಬಳಿ ಕಟ್ಟಿದ ಮನೆಗಳು ಎರಡು ಕಡೆ ಖಾಲಿ ಇದ್ದವು: ಕೆಲವು ನಮ್ಮಲ್ಲೇ ಹೊಳೆಯ ಆಚೆ, ಕೆಲವು ದೂರದ ಕುಶಾಲನಗರದ ಕಡೆ. ಅರ್ಧ ಜನ ಇಲ್ಲಿ, ಅರ್ಧ ಜನ ಅಲ್ಲಿ ಎಂಬುದು ಸರ್ಕಾರದ ಯೋಜನೆ. ಅದಕ್ಕೆ ಊರಿನ ಸಮಿತಿಯೊಂದು ಕೂತು ಅಭಿಪ್ರಾಯ ತಿಳಿಸಬೇಕಿತ್ತು. ಶಿಸ್ತಿನ ಹೆಂಗಸು ಎಂದು ನನ್ನನ್ನು ಅಧ್ಯಕ್ಷೆ ಮಾಡಿದರು.

ಸಭೆಯನ್ನು ನಾನು ಮಳೆ ನಿಂತ ಮೇಲೆ ಒಂದು ದಿನ ಬೆಳಿಗ್ಗೆ ಒಂಬತ್ತೂವರೆಗೆ ಇಟ್ಟೆ. ಆಸ್ಪತ್ರೆಯಲ್ಲಿ ಜೀವಮಾನವಿಡೀ ಡಾಕ್ಟರ ರೌಂಡ್ಸ್ ಆ ಹೊತ್ತಿಗೆ ಶುರುವಾಗುತ್ತಿತ್ತು. ಮುಖ್ಯ ಕೆಲಸಕ್ಕೆ ನನಗೆ ತೋಚುವ ಸಮಯ ಅದೊಂದೇ. ಮಡಿಕೇರಿಯಿಂದ ಬರುವ ಅಧಿಕಾರಿಗೂ ಅನುಕೂಲ. ಲೈನ್ ಮನೆಗಳಿಗೆ ಮುಂಚಿನ ದಿನವೇ ಹೇಳಿ ಕಳಿಸಿದ್ದೆ. ಹೇಳಿ ಕಳಿಸಿದ್ದೇನೆ ಎಂಬ ಸಮಾಧಾನವೂ ಇತ್ತು.

ಅವರಲ್ಲಿ ಒಬ್ಬರೂ ಬರಲಿಲ್ಲ.

ಸಮಿತಿಯ ಒಬ್ಬರು ವಾಚು ನೋಡಿಕೊಂಡು, "ಸಿಸ್ಟರಕ್ಕ, ಲೈನ್‌ನವು ಯಾರೂ ಇಲ್ಲೆ. ಶುರು ಮಾಡಿ. ನಂಗೆ ಸುಳ್ಯಕ್ಕೆ ಹೋಕು" ಎಂದು ಹೊರಡುವ ಅವಸರದಲ್ಲಿ ಹೇಳಿದರು.

ಮಾಷ್ಟ್ರು ಸಮಿತಿಯ ಸದಸ್ಯರಲ್ಲ. ಹಿಂದಿನ ಬೆಂಚಿನಿಂದ ಎದ್ದು ನಿಂತರು. "ಸಿಸ್ಟರೇ, ಇದು ಹಾಲು ಇಳಿಯುವ ಹೊತ್ತು."

ಅಲ್ಲಿದ್ದ ಎಲ್ಲರಿಗೂ ಅದರ ಅರ್ಥ ಗೊತ್ತಿತ್ತು. ನಸುಕಿನಲ್ಲಿ ಮರ ಗೀರಿದರೆ ಹಾಲು ತೊಟ್ಟಿಕ್ಕುತ್ತ ಮರಕ್ಕೆ ಕಟ್ಟಿದ ಚಿಪ್ಪು ತುಂಬುತ್ತದೆ. ಬಿಸಿಲೇರುವ ಮೊದಲು ಅದನ್ನು ಒಟ್ಟುಮಾಡದಿದ್ದರೆ ಹಾಲೂ ಹಾಳು, ದಿನದ ಕೂಲಿಯೂ ಹಾಳು. ಟ್ಯಾಪಿಂಗ್ ಮಾಡುವವರು ಆ ಹೊತ್ತಿನಲ್ಲಿ ಮನೆಯಲ್ಲಿ ಸಾವಾದರೂ ಚಿಪ್ಪು ಬಿಟ್ಟು ಬರುವುದು ಕಷ್ಟ. ರಬ್ಬರ್ ತೋಟದ ಪಕ್ಕದಲ್ಲೇ ಹುಟ್ಟಿದ ನನಗೂ ಅದು ಗೊತ್ತಿತ್ತು. ಸಭೆಯ ಗಂಟೆ ಗೊತ್ತುಮಾಡುವಾಗ ಮಾತ್ರ ನೆನಪಿಗೆ ಬರಲಿಲ್ಲ.

"ಅಧಿಕಾರಿಗಳು ಬಂದಿದ್ದಾರೆ ಮಾಷ್ಟ್ರೇ. ಈಗ ಮುಂದೂಡಲಿಕ್ಕೆ ಆಗುವುದಿಲ್ಲ" ಎಂದೆ.

"ಹಾಗಾದ್ರೆ ಒಂದು ಸಂಗತಿ ಹೇಳಿ ಕೂರ್ತೇನೆ. ಇವರ ಹಿರಿಯರು ಬಂದ ಹಡಗು ಉಂಟಲ್ಲ..."

"ಅದು ಸಂಪಾಜೆ ಹೊಳೆಲಿ ಬಾದಾ ಮಾಷ್ಟ್ರೇ?" ಎಂದು ಯಾರೋ ಕೂಗಿದರು. ಹೊಳೆಯಲ್ಲಿ ಹಡಗು ಬರುತ್ತದಾ ಎಂದು ಕೇಳಿದ್ದಕ್ಕೆ ಮೆಣಸಿನ ಹಡಗು ನೆನಪಾಗಿ ಎಲ್ಲರೂ ನಕ್ಕರು. ಅಧಿಕಾರಿ ಏನೂ ತಿಳಿಯದಿದ್ದರೂ ನಕ್ಕರು. ನಾನೂ ನಕ್ಕೆ.

"ಹಡಗಿನ ಪಾಠ ಸಂಜೆಗಿರಲಿ ಮಾಷ್ಟ್ರೇ" ಎಂದೆ.

ಅವರು ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ, ಉತ್ತರ ಗೊತ್ತಿದ್ದೂ ತಪ್ಪು ಹೇಳಿದ ಹುಡುಗಿಯನ್ನು ನೋಡುವ ಹಾಗೆ. ಕುಳಿತರು. ಆಕ್ಷೇಪಣೆ ಇದೆಯೇ ಎಂದು ಕೇಳಿದೆ, ಯಾರೂ ಮಾತಾಡಲಿಲ್ಲ, ಇಲ್ಲವೆಂದು ಬರೆಸಿದೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. "ಇಷ್ಟು ಅಚ್ಚುಕಟ್ಟಾದ ಸಭೆ ಜಿಲ್ಲೆಯಲ್ಲೇ ನೋಡಿಲ್ಲ ಮೇಡಂ" ಎಂದು ಅಧಿಕಾರಿ ಹೇಳಿದಾಗ ನನಗೆ ಖುಷಿಯಾಯಿತು. ಅದನ್ನು ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಒಂದೆರಡು ದಿನಗಳಲ್ಲಿ ಪೇಪರಿನಲ್ಲಿ ನಮ್ಮೂರಿನ ಸುದ್ದಿ ಬಂತು. ಒಳಪುಟದಲ್ಲಿ ಚಿಕ್ಕ ಸುದ್ದಿ: ಲೈನ್ ಮನೆಗಳ ಸ್ಥಳಾಂತರಕ್ಕೆ ಒಪ್ಪಿಗೆ. ಅದರ ಮರುಸಂಜೆ ಮಾಷ್ಟ್ರು ಎಂದಿನಂತೆ ಬಂದು ಕಟ್ಟು ಬಿಚ್ಚಿದರು. ನಾನು ಬೇಕೆಂದೇ ಕಪಾಟಿನ ಕಡೆಗೆ ತಿರುಗಿ ಧೂಳು ಒರೆಸುತ್ತಿದ್ದೆ. ಪುಟ ತಿರುವುವ ಸದ್ದು ಕೇಳಿತು. ಮಾಷ್ಟ್ರು ಆ ಪುಟಕ್ಕೆ ಬಂದು, ಓದದೆ, ಮುಂದಿನದಕ್ಕೆ ಹೋದರು.

ಲೈನಿನ ಸೆಲ್ವಿಯ ಮಗಳು ಕವಿತಾ ಒಂಬತ್ತನೆಯ ಕ್ಲಾಸಿನವಳು, ಬಾಯಿ ಜೋರು. "ಮಾಷ್ಟ್ರೇ, ನಮ್ಮ ಸುದ್ದಿ ಬಿಟ್ರಿ" ಎಂದಳು.

"ಇವತ್ತು ಬೇಡ ಮಗಾ."

"ಯಾಕೆ? ಮಾತಾಡಿದ್ದು ಯಾರು, ಬಾಯಿ ಮುಚ್ಚಿಕೊಂಡದ್ದು ಯಾರು ಅಂತ ಕೇಳುದಿಲ್ವಾ?"

ಮಾಷ್ಟ್ರು ನಶ್ಯದ ಡಬ್ಬಿಯನ್ನು ತಟ್ಟಿದರು. "ಇಲ್ಲೇ ನಿಂತವರನ್ನ ಪಾಠ ಮಾಡ್ಲಿಕ್ಕೆ ನಂಗೆ ಬರುದಿಲ್ಲ" ಎಂದರು. ನನ್ನ ಬೆನ್ನಿಗೆ ಆ ಮಾತು ತಾಗಿತು. ಅವರು ಒಂದು ಸುದ್ದಿಯನ್ನು ಬಿಟ್ಟು ಮುಂದೆ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ, ಅದೂ ನನ್ನ ಮುಖ ಉಳಿಸಲಿಕ್ಕೆ. ಓದಿಬಿಟ್ಟಿದ್ದರೆ ನಾನು ವಾದಿಸುತ್ತಿದ್ದೆ, ಜಗಳವಾಡುತ್ತಿದ್ದೆ, ಬಹುಶಃ ಸಭೆಯನ್ನು ಇನ್ನೊಮ್ಮೆ ಕರೆಯುತ್ತಿದ್ದೆ. ಇನ್ನೂ ಸಮಯವಿತ್ತು. ಧೂಳು ಒರೆಸುವುದನ್ನೇ ಮುಂದುವರಿಸಿದೆ.

ಮುಂದಿನ ಮಳೆಗೆ ಮುಂಚೆ ಲಾರಿಗಳು ಬಂದು ಸಾಮಾನು ಸಾಗಿಸಿದವು. ಸೆಲ್ವಿಯ ಮನೆಯವರು ಕುಶಾಲನಗರದ ಕಡೆ ಹೋದರು. ಆಕೆಯ ನಾದಿನಿಯ ಮನೆಗೆ ಹೊಳೆಯಾಚೆಯ ಮನೆ ಸಿಕ್ಕಿತು. ಮಾಷ್ಟ್ರ ಕ್ಲಾಸು ಅರ್ಧವಾಯಿತು. ಅವರು ನನ್ನೊಡನೆ ಮೊದಲಿನಂತೆಯೇ ಮಾತಾಡಿದರು, ಮೊದಲಿನಂತೆಯೇ ಗೆರೆಯ ಮೇಲೆ ಚಪ್ಪಲಿ ಬಿಟ್ಟರು. ನನಗೆ ಮಾತ್ರ, ಗೆರೆಯೊಳಗೆ ಬಿಡಿ ಎಂದು ಹೇಳುವ ಬಾಯಿ ಇರಲಿಲ್ಲ.

ಆ ಚಳಿಗಾಲದಲ್ಲಿ ಅವರಿಗೆ ಎದೆಯ ಕಫ ಜ್ವರಕ್ಕೆ ತಿರುಗಿತು. ಮನೆಗೆ ಹೋಗಿ ನೋಡಿದವಳೇ, ಮಂಗಳೂರಿಗೆ ಕರೆದುಕೊಂಡು ಹೋಗಿ ಎಂದೆ. ಕಾರು ಹತ್ತುವಾಗ ಆ ಉಸಿರಿನಲ್ಲೂ, "ಕೋಲಿನ ಪೇಪರು ಬದಲಾಯಿಸಿದ್ರಾ ಸಿಸ್ಟರೇ?" ಎಂದು ಚೇಷ್ಟೆ ಮಾಡಿದರು. ಸಭೆಯ ಮಾತು ಎತ್ತಬೇಕೆಂದು ಬಾಯಿವರೆಗೆ ಬಂದಿತ್ತು. ರೋಗಿಯನ್ನು ಮಾತಾಡಿಸಬಾರದು ಎಂಬ ನಿಯಮ ನನ್ನ ಸಹಾಯಕ್ಕೆ ಬಂತು. ಅವರು ವಾಪಸು ಬರಲಿಲ್ಲ.

ಅಂತ್ಯಕ್ರಿಯೆಗೆ ಸೆಲ್ವಿ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಕೈಯೆಲ್ಲ ಬಿರುಕು; ಕುಶಾಲನಗರದ ಕಡೆ ರಬ್ಬರ್ ಇಲ್ಲ, ಶುಂಠಿ ತೊಳೆಯುವ ಕೆಲಸ. ಎಲ್ಲ ಮುಗಿದ ಮೇಲೆ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಬಂದು ಕುಳಿತಳು.

"ಮಾಷ್ಟ್ರು ಭಾನುವಾರ ನಮ್ಮ ಕಡೆ ಬರ್ತಿದ್ರು ಅಮ್ಮ. ಹಳೇ ಪೇಪರ್ ಹಿಡ್ಕೊಂಡು. ನಿಮ್ಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ವಾಚನಾಲಯಕ್ಕೆ ಭಾನುವಾರ ರಜೆ.

"ಅವತ್ತು ಸಭೆಯಲ್ಲಿ ಹಡಗಿನ ವಿಷಯ ಏನೋ ಹೇಳಲಿಕ್ಕೆ ಹೊರಟಿದ್ದರು" ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಒಂದು ವರ್ಷದಿಂದ ಅದು ಒಳಗೆ ಕೂತಿತ್ತು.

"ಅದಾ? ನಮ್ಮ ಪಾಟಿ ಕಥೆ. ನಾನೇ ಮಾಷ್ಟ್ರಿಗೆ ಹೇಳಿದ್ದು" ಎಂದಳು ಸೆಲ್ವಿ. ಪಾಟಿ ಎಂದರೆ ಅಜ್ಜಿ. "ಎರಡು ದೇಶದ ದೊಡ್ಡವ್ರು ಕೂತು ಮಾತಾಡಿದ್ರಂತೆ. ಇಷ್ಟು ಜನ ನಿಮ್ಗೆ, ಇಷ್ಟು ಜನ ನಮ್ಗೆ ಅಂತ. ಟೀ ತೋಟದಲ್ಲಿ ಕೆಲಸ ಮಾಡೋರನ್ನ ಯಾರೂ ಕೇಳಿಲ್ಲ. ಪಾಟಿಗೆ ಇಂಡಿಯಾಕ್ಕೆ ಹೋಗು ಅಂತ ಪೇಪರ್ ಬಂತು. ದೊಡ್ಡ ಮಗನಿಗೆ ಆಗ್ಲೇ ಮದುವೆ ಆಗಿತ್ತು, ಅವ್ನಿಗೆ ಸಿಲೋನ್ ಪೇಪರ್. ಪಾಟಿ ಹಡಗಲ್ಲಿ ಬಂದ್ಳು, ಮಗ ಅಲ್ಲೇ ಉಳ್ಕೊಂಡ. ಆಮೇಲೆ ನೋಡ್ಲೇ ಇಲ್ಲ." ಆಮೇಲೆ ನಮ್ಮ ಸಭೆಯ ಮಾತಿಗೆ ಬಂದಳು: "ಗುಡ್ಡ ಬಿಟ್ಟು ಬರ್ತೀವಿ ಅಂತ ನಾವೇ ಹೇಳ್ತಿದ್ವಿ ಅಮ್ಮ. ನಮ್ಗೂ ಭಯ ಇತ್ತು. ಎಲ್ಲಿಗಾದ್ರೂ ಸರಿ, ಒಟ್ಟಿಗೆ ಹಾಕಿ ಅಂತ ಕೇಳ್ತಿದ್ವಿ. ಅಷ್ಟೇ."

ಅಷ್ಟೇ. ಒಂದು ವಾಕ್ಯ. ಅದನ್ನು ಹೇಳಲಿಕ್ಕೆ ಮಾಷ್ಟ್ರಿಗೆ ಎಷ್ಟು ಹೊತ್ತು ಬೇಕಿತ್ತು? ಅವರು ಮಕ್ಕಳಿಗೆ ಕಲಿಸುತ್ತಿದ್ದುದನ್ನೇ ಅಂದು ಊರಿಗೆ ಮಾಡಿ ತೋರಿಸಲು ಹೊರಟಿದ್ದರು. ಎದುರಿಗಿರುವ ಸುದ್ದಿಯ ಪಕ್ಕದಲ್ಲಿ ಹಳೆಯದೊಂದನ್ನು ಇಟ್ಟು, ಕೇಳದೆ ಉಳಿದ ಪ್ರಶ್ನೆ ಯಾವುದೆಂದು ತೋರಿಸಲು. ನಾನು ಅದನ್ನು ಸಂಜೆಯ ಕ್ಲಾಸಿಗೆ ತಳ್ಳಿದೆ.

ನಾನು ಅತ್ತು ಕೂರುವ ಜಾಯಮಾನದವಳಲ್ಲ. ಮರುವಾರವೇ ಆ ಅಧಿಕಾರಿಯ ಕಚೇರಿಗೆ ಹೋದೆ. ಮನೆಗಳ ಅದಲು ಬದಲಿ ಕಷ್ಟ, ಆದರೆ ಕುಶಾಲನಗರದ ಕಡೆ ಹೋದ ಕುಟುಂಬಗಳೆಲ್ಲ ಸೇರಿ ಒಂದೇ ಅರ್ಜಿ ಕೊಟ್ಟರೆ, ಹೊಳೆಯಾಚೆ ಹೊಸದಾಗಿ ಮನೆ ಕಟ್ಟಲು ಇನ್ನೂ ಜಾಗವಿದೆ, ನೋಡಬಹುದು ಎಂದರು. ಆ ರಾತ್ರಿಯೇ ಅರ್ಜಿ ಬರೆದೆ. ಮರುದಿನ ಟೈಪ್ ಮಾಡಿಸಿದೆ. ಸಹಿಗೆ ಜಾಗ ಬಿಟ್ಟು ಗೆರೆಗಳನ್ನು ಹಾಕಿಸಿದೆ. ಭಾನುವಾರ ಬೆಳಿಗ್ಗೆಯ ಬಸ್ಸು ಹಿಡಿದು, ಮಧ್ಯಾಹ್ನದ ಬಸ್ಸಿಗೆ ಹಿಂತಿರುಗುವ ಲೆಕ್ಕದಲ್ಲಿ ಹೊರಟೆ.

ಸೆಲ್ವಿಯ ಮನೆಯ ಮುಂದೆ ಎಲ್ಲರೂ ಸೇರಿದರು. ಕವಿತಾ ಅರ್ಜಿಯನ್ನು ಗಟ್ಟಿಯಾಗಿ ಓದಿದಳು. "ನಾವೆಲ್ಲರೂ ನಮ್ಮ ಹಳೆಯ ಊರಿಗೆ ಹಿಂತಿರುಗಿ ಒಟ್ಟಿಗೆ ವಾಸಿಸಲು ಬಯಸುತ್ತೇವೆ" ಎಂಬಲ್ಲಿಗೆ ಬಂದಾಗ, ಕಲ್ಲಿನ ಮೇಲೆ ಕುಳಿತಿದ್ದ ಸೆಲ್ವಿಯ ಮಾವ ಮುತ್ತಯ್ಯ ಕೈ ಎತ್ತಿದ.

"ನಾನ್ ಬರಲ್ಲ."

"ಸುಮ್ನಿರಿ ಮಾವ" ಎಂದಳು ಸೆಲ್ವಿ.

"ಯಾಕೆ ಸುಮ್ನಿರ್ಲಿ? ಇಲ್ಲಿ ಗುಡ್ಡ ಇಲ್ಲ. ಮಳೆ ಬಂದ್ರೆ ನಿದ್ದೆ ಬರ್ತದೆ. ಈ ವಯಸ್ಸಿಗೆ ಈಗ ನಿದ್ದೆ ಮಾಡ್ತಿದ್ದೀನಿ."

"ಮಗಳು ಅಲ್ಲಿದ್ದಾಳಲ್ಲ ನಿಮ್ಗೆ!"

"ಅವಳನ್ನ ಇಲ್ಲಿಗೆ ಕರೀರಿ."

ಇನ್ನೊಬ್ಬಳು, ನನ್ನ ಮಗನಿಗೆ ಇಲ್ಲಿ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿದೆ ಎಂದಳು. ಮತ್ತೊಬ್ಬ, ಶುಂಠಿಯ ಕೆಸರಿಗಿಂತ ರಬ್ಬರ್ ಹಾಲೇ ವಾಸಿ, ನಾಳೆಯೇ ಹೊರಡುತ್ತೇನೆ ಎಂದ. ತಮಿಳಿನಲ್ಲಿ, ಕನ್ನಡದಲ್ಲಿ ಮಾತು ಏರಿತು. ಗದ್ದಲದ ನಡುವೆ ಕವಿತಾ ಅರ್ಜಿಯನ್ನು ನನಗೆ ಮರಳಿ ಕೊಡುತ್ತ, ಏನೂ ವ್ಯಂಗ್ಯವಿಲ್ಲದೆ, ಪಾಠದಲ್ಲಿ ಕೇಳುವ ಹಾಗೆಯೇ ಕೇಳಿದಳು: "ಇದು ಬರೆಯುವ ಮುಂಚೆ ಯಾರನ್ನ ಕೇಳಿದ್ರಿ ಅಮ್ಮ?"

ಯಾರನ್ನೂ ಕೇಳಿರಲಿಲ್ಲ. ಸೆಲ್ವಿ ಬಸ್‌ಸ್ಟಾಪಿನಲ್ಲಿ ಹೇಳಿದ ಮಾತನ್ನು ಎಲ್ಲರ ಮಾತೆಂದು ಟೈಪ್ ಮಾಡಿಸಿದ್ದೆ. ತಪ್ಪನ್ನು ತಿದ್ದಲಿಕ್ಕೆ ಬಂದವಳು ಅದೇ ತಪ್ಪನ್ನು ಇನ್ನೂ ಅಚ್ಚುಕಟ್ಟಾಗಿ ಮಾಡಿಕೊಂಡು ಬಂದಿದ್ದೆ.

ಅರ್ಜಿಯನ್ನು ಮಡಚಿ ಚೀಲದೊಳಗೆ ಹಾಕಿದೆ. ಮುತ್ತಯ್ಯನ ಎದುರು ನೆಲದ ಮೇಲೆ ಕುಳಿತು, "ನೀವು ಹೇಳಿ, ಏನು ಬರೆಯಲಿ?" ಎಂದೆ. ಆತ ಬಹಳ ಹೊತ್ತು ಯೋಚಿಸಿ, "ಇವತ್ತು ಹೇಳೋಕಾಗಲ್ಲಮ್ಮ. ಮಗಳನ್ನ ಒಂದ್ಸಲ ನೋಡಿ ಹೇಳ್ತೀನಿ" ಎಂದ. ನನ್ನ ಬಸ್ಸು ಹೊರಟುಹೋಯಿತು. ಅದರ ಸದ್ದು ಕೇಳಿಸಿತು, ಏಳಲಿಲ್ಲ.

ಹೊರಡುವಾಗ, ಎಲ್ಲರನ್ನೂ ಕೂರಿಸಿ ಕೇಳಬೇಕು, ಯಾವ ದಿನ, ಯಾವ ಹೊತ್ತಿಗೆ ಬರಲಿ ಎಂದು ಕೇಳಿದೆ. ಅವರವರಲ್ಲೇ ಮಾತಾಡಿಕೊಂಡರು. ಒಬ್ಬಳಿಗೆ ಸರಿಹೋದದ್ದು ಇನ್ನೊಬ್ಬನಿಗೆ ಆಗುತ್ತಿರಲಿಲ್ಲ. ಶುಂಠಿ ಕೆಲಸದವರಿಗೆ ಒಂದು ಹೊತ್ತು, ಗ್ಯಾರೇಜಿನವನಿಗೆ ಒಂದು ಹೊತ್ತು, ಹೊಳೆಯಾಚೆಯಿಂದ ಬರಬೇಕಾದವರಿಗೆ ಮತ್ತೊಂದು. ನಾನು ಅಂಗಳದ ಅಂಚಿನಲ್ಲಿ ಚಪ್ಪಲಿ ಮೆಟ್ಟಿ ನಿಂತು ಕಾದೆ. ಯಾರೂ ಅವಸರ ಮಾಡಲಿಲ್ಲ.